ಚಿನ್ನದ ದೊರೆಯ ಸಾಲ

ಮಾನ್ಸಾ ಅಂದರೆ ದೊರೆ; ಮೂಸಾ ಅವನ ಹೆಸರು. ಪಶ್ಚಿಮ ಆಫ್ರಿಕದ ಮಾಲಿ ರಾಜ್ಯದ ಪಟ್ಟ ಅವನಿಗೆ ಸಿಕ್ಕಿದ್ದು ಸುಮಾರು 1312ರಲ್ಲಿ. ಚಿನ್ನ ತೆಗೆಯುವ ಜನ ಅವನ ಮತದವರಲ್ಲ. ಅವರನ್ನು ಇಸ್ಲಾಮಿಗೆ ಸೇರಿಸಹೊರಟರೆ ಚಿನ್ನದ ಹುಟ್ಟುವಳಿಯೇ ಇಳಿಯುತ್ತೆ ಅಂತ ಕಂಡುಕೊಂಡು, ಅವರನ್ನು ಅವರ ಪಾಡಿಗೆ ಬಿಟ್ಟಿದ್ದ. ದೈವಭಕ್ತನೇ, ಆದರೆ ಲೆಕ್ಕ ಬಲ್ಲವನು.

ಆ ಲೆಕ್ಕ ತಪ್ಪಿದ್ದು 1324ರಲ್ಲಿ, ಮೆಕ್ಕಾ ಯಾತ್ರೆಯ ದಾರಿಯಲ್ಲಿದ್ದ ಕೈರೋದಲ್ಲಿ. ಸುಲ್ತಾನ್ ಅನ್-ನಾಸಿರನ ಮುಂದೆ ನೆಲಮುಟ್ಟಿ ನಮಸ್ಕರಿಸಲು ಮೊದಲು ಒಪ್ಪಲಿಲ್ಲ. ಕಡೆಗೆ, ಇದು ತನ್ನನ್ನು ಸೃಷ್ಟಿಸಿದ ದೇವರಿಗೆ ಅಂತ ಹೇಳಿ ಬಾಗಿದ. ಆಮೇಲೆ ಆಸ್ಥಾನದವರಿಗೆಲ್ಲ ಚಿನ್ನ ಹಂಚಿದ್ದೇ ಹಂಚಿದ್ದು. ಅಂಗಡಿಯವರೋ, ಒಂದು ದಿನಾರೂ ಬಾಳದ ಅಂಗಿಯನ್ನು ಅವನ ಕಡೆಯವರಿಗೆ ಐದಕ್ಕೆ ಮಾರಿದರು! 25 ದಿರ್ಹಮಿಗೆ ಕಡಿಮೆಯಿಲ್ಲದಿದ್ದ ಒಂದು ಮಿಸ್ಕಾಲ್ ಚಿನ್ನ 22ಕ್ಕೆ ಇಳಿಯಿತು. ಹನ್ನೆರಡು ವರ್ಷವಾದರೂ ಏರಲಿಲ್ಲವೆಂದು ಅಲ್-ಉಮರಿ ಬರೆದಿಟ್ಟಿದ್ದಾನೆ. ಹಿಂದಿರುಗುವಾಗ ಮೂಸಾನ ಕೈ ಬರಿದು. ಅದೇ ಊರಿನ ವರ್ತಕರ ಹತ್ತಿರ ಭಾರೀ ಬಡ್ಡಿಗೆ ಸಾಲ ಎತ್ತಿದ. ಶಾಲೆಯ ಮಕ್ಕಳಿಗೆ ಇವನ ಕತೆ ಹೇಳುವವರು ಚಿನ್ನದ ಜೊತೆಗೆ ಈ ಸಾಲವನ್ನೂ ಹೇಳಬೇಕು, ಬಿಡಬಾರದು.

ಅಂದಲೂಸಿಯದ ಕವಿ ಅಸ್-ಸಾಹಿಲಿಯನ್ನು ಜೊತೆಗೆ ಕರೆತಂದ. ಟಿಂಬಕ್ಟುವಿನಲ್ಲಿ ಆಗ ಎದ್ದ ಜಿಂಗರೆಬೆರ್ ಮಣ್ಣಿನ ಮಸೀದಿ ರಿಪೇರಿ ಕಾಣುತ್ತಾ ಇಂದಿಗೂ ನಿಂತಿದೆ. ಮೂಸಾ ತೀರಿಕೊಂಡದ್ದು 1337ರ ಸುಮಾರಿಗೆ. 1375ರ ಕತಲಾನ್ ಭೂಪಟದಲ್ಲಿ ಅವನು ಚಿನ್ನದ ಉಂಡೆ ಹಿಡಿದು ಕೂತಿದ್ದಾನೆ.