ಮೋದಿ ಡಾಕ್ಟ್ರು ಮತ್ತು ನಮ್ಮ ಮುತ್ಯಾನ ಕಣ್ಣು

ಬೆಂಗಳೂರಿನ ರಾಜಾಜಿನಗರದ ಕಡೆ ಬಸ್ಸಿನಲ್ಲಿ ಹೋಗುವಾಗ ಮೋದಿ ಆಸ್ಪತ್ರೆ ಅನ್ನೋ ಹೆಸರು ಕಿವಿಗೆ ಬೀಳುತ್ತೆ. ಕಲಬುರಗಿಯಿಂದ ಮೊದಲ ಸಲ ಬಂದಿದ್ದ ನನ್ನ ಗೆಳೆಯ, ಇದರ ಹೆಸರೂ ಬದಲಾಯಿಸಿಬಿಟ್ರಾ ಅಂತ ನಕ್ಕ. ಅವನ ತಪ್ಪಲ್ಲ. ನಮ್ಮ ವಯಸ್ಸಿನವರಿಗೆ ಆ ಹೆಸರಿನವರು ಒಬ್ಬರೇ ಗೊತ್ತು. ನಮ್ಮ ಆಯಿಗೆ ಮಾತ್ರ ಮೋದಿ ಅಂದ್ರೆ ಕೊನೆವರೆಗೂ ಕಣ್ಣಿನ ಡಾಕ್ಟ್ರು.

ಡಾ. ಎಂ.ಸಿ. ಮೋದಿ, ಅಂದರೆ ಮುರುಗಪ್ಪ ಚನ್ನವೀರಪ್ಪ ಮೋದಿ, 1916ರ ಅಕ್ಟೋಬರ್ 4ರಂದು ಬೀಳಗಿಯಲ್ಲಿ ಹುಟ್ಟಿದರು. ಆಗ ಅದು ವಿಜಯಪುರ ಜಿಲ್ಲೆ, ಈಗ ಬಾಗಲಕೋಟೆ. ಬೆಳಗಾವಿಯಲ್ಲಿ ಆಯುರ್ವೇದ ಓದಿ, ಮುಂಬೈಯಲ್ಲಿ ಕಣ್ಣಿನ ಚಿಕಿತ್ಸೆ ಕಲಿತರು. ದುಡ್ಡು ಬರುವ ಪ್ರಾಕ್ಟೀಸ್ ಕೈಯಲ್ಲಿತ್ತು. 1942ರ ಆಗಸ್ಟ್‌ನಲ್ಲಿ ಮುಂಬೈಯಲ್ಲೇ ಗಾಂಧೀಜಿಯ ಕ್ವಿಟ್ ಇಂಡಿಯಾ ಭಾಷಣ ಕೇಳಿದ ಮೇಲೆ ಅದನ್ನು ಬಿಟ್ಟರು. ಮರುವರ್ಷ ಗುಜರಾತಿನ ಪಾಟಣದಲ್ಲಿ ಮೊದಲ ಉಚಿತ ಸಾಮೂಹಿಕ ಶಿಬಿರ ಮಾಡಿದರು.

ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ಊರಿಗೆ ಹೋಗಬೇಕು ಅನ್ನೋದು ಅವರ ಲೆಕ್ಕ. ಶಾಲೆಯೋ ಛತ್ರವೋ ಸಿಕ್ಕ ಜಾಗವೇ ಆಪರೇಷನ್ ಥಿಯೇಟರ್. ಸಾಲಾಗಿ ಮೇಜು, ಸಾಲಾಗಿ ರೋಗಿಗಳು. ಒಬ್ಬರ ಕೆಲಸ ಮುಗಿದ ಕೂಡಲೇ ಡಾಕ್ಟ್ರು ಮುಂದಿನ ಮೇಜಿಗೆ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆ. ಅದೇ ಗಿನ್ನೆಸ್ ಲೆಕ್ಕದ ಪ್ರಕಾರ 1993ರ ಫೆಬ್ರವರಿವರೆಗೆ ಅವರು ಸುತ್ತಿದ ಹಳ್ಳಿಗಳು 46,120, ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. 2005ರ ನವೆಂಬರ್‌ನಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮೂರು ಕಮಲಾಪುರ. ಕೆಂಪು ಬಾಳೆಹಣ್ಣಿನ ಊರು ಅಂದ್ರೆ ನಿಮಗೆ ಗೊತ್ತಾಗಬಹುದು. ಎಪ್ಪತ್ತರ ದಶಕದಲ್ಲಿ ಆಯಿಗೆ ಮೋತಿಬಿಂದು ಬಂದಾಗ ಕಲಬುರಗಿಯಲ್ಲಿ ನಡೆದ ಅಂಥದೇ ಒಂದು ಶಿಬಿರದಲ್ಲಿ ಆಪರೇಷನ್ ಆಯ್ತು. ಕಣ್ಣೊಳಗಿನ ಮಸೂರವನ್ನೇ ತೆಗೆದುಬಿಡುತ್ತಿದ್ದ ಕಾಲ ಅದು. ಪಟ್ಟಿ ಬಿಚ್ಚಿದ ಮೇಲೆ ಸೋಡಾ ಬಾಟಲಿಯಂಥ ದಪ್ಪ ಚಷ್ಮಾ. ಅದನ್ನು ಹಾಕಿಕೊಂಡೇ ಆಯಿ ಇನ್ನೂ ಇಪ್ಪತ್ತು ವರ್ಷ ಜೋಳ ಹಸನು ಮಾಡಿದಳು. ಆ ಶಿಬಿರದ ಡಾಕ್ಟ್ರು ಯಾರೇ ಇರಲಿ, ಆಯಿಯ ಬಾಯಲ್ಲಿ ಎಲ್ಲರೂ ಮೋದಿ ಡಾಕ್ಟ್ರೇ.

ಮುತ್ಯಾ ಮೋಸ ಹೋಗಿದ್ದು ಇದೇ ನಂಬಿಕೆಯಲ್ಲಿ. ಅವನಿಗೆ ಎದುರಿಗಿನ ಪೇಪರ್ ಓದೋಕೆ ಬರ್ತಿತ್ತು, ಆದರೆ ಪಕ್ಕದಿಂದ ಬರುವ ಬೈಕ್ ಕಾಣ್ತಿರಲಿಲ್ಲ. ಹೊಸ್ತಿಲು ಎಡವುತ್ತಿದ್ದ, ಮಂಚಕ್ಕೆ ಬಡಿದುಕೊಳ್ಳುತ್ತಿದ್ದ. ವಯಸ್ಸಾಯ್ತು, ಮೋತಿಬಿಂದು ಇರಬೇಕು, ಪೊರೆ ಹಣ್ಣಾಗಲಿ, ಶಿಬಿರ ಬಂದಾಗ ತೆಗೆಸಿದರಾಯ್ತು ಅಂತ ಮನೆಯವರೆಲ್ಲ ಕಾದೆವು. ನೋವು ಇರಲಿಲ್ಲ, ಕಣ್ಣು ಕೆಂಪಾಗಲಿಲ್ಲ. ಕೊನೆಗೆ ಕಲಬುರಗಿಗೆ ಕರೆದೊಯ್ದಾಗ ಡಾಕ್ಟ್ರು ಕಣ್ಣಿನ ಒತ್ತಡ ಅಳೆದರು, ಹನಿ ಹಾಕಿ ಒಳಗಿನ ನರ ನೋಡಿದರು. ಅದು ಮೋತಿಬಿಂದು ಅಲ್ಲ, ಕಾಚಬಿಂದು. ಅಂದರೆ ಗ್ಲಾಕೋಮಾ. ಹೋದ ದೃಷ್ಟಿ ಇನ್ನು ಬರೋದಿಲ್ಲ ಅಂದರು. ಮುತ್ಯಾ ಹಾಗಾದ್ರೆ ಆಪರೇಷನ್ ಯಾವಾಗ ಅಂತ ಮತ್ತೆ ಕೇಳಿದ.

ಎರಡು ಕಾಯಿಲೆಗಳ ವ್ಯತ್ಯಾಸ ಇಲ್ಲೇ ಇದೆ. ಪೊರೆ ಅಂದರೆ ಮಸೂರ ಮಂಜಾಗೋದು. ತೆಗೆದರೆ ಬೆಳಕು ವಾಪಸ್. ಗ್ಲಾಕೋಮಾದಲ್ಲಿ ಸಾಯೋದು ಕಣ್ಣಿನಿಂದ ಮಿದುಳಿಗೆ ಹೋಗುವ ನರ. ಕಣ್ಣೊಳಗೆ ಹುಟ್ಟುವ ದ್ರವ ಸರಿಯಾಗಿ ಹೊರಹೋಗದೆ ಒತ್ತಡ ಏರುತ್ತೆ. ಕೆಲವರಿಗೆ ಒತ್ತಡ ಮಾಮೂಲಿ ಇದ್ದರೂ ನರ ಹಾಳಾಗುತ್ತೆ. ಮೊದಲು ಪಕ್ಕದ ನೋಟ ಹೋಗುತ್ತೆ, ಅದಕ್ಕೇ ಗೊತ್ತಾಗೋದಿಲ್ಲ. ದಿನಾ ಹನಿ, ಬೇಕಾದರೆ ಲೇಸರ್, ಇಲ್ಲವೇ ಶಸ್ತ್ರಚಿಕಿತ್ಸೆ. ಇದ್ಯಾವುದೂ ಹೋದದ್ದನ್ನು ತರಲ್ಲ, ಉಳಿದದ್ದನ್ನು ಕಾಯುತ್ತೆ. ಅಂಗಡಿಯಲ್ಲಿ ಚೀಟಿ ಇಲ್ಲದೆ ತಂದ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡು ಒತ್ತಡ ಏರಿಸಿಕೊಳ್ಳುವವರೂ ಇದ್ದಾರೆ.

ಮಕ್ಕಳದ್ದು ಇನ್ನೂ ಕಷ್ಟ. ಹುಟ್ಟಿನಿಂದಲೇ ಗ್ಲಾಕೋಮಾ ಇರುವ ಕೂಸಿನ ಕಣ್ಣು ದೊಡ್ಡದಾಗುತ್ತಾ ಹೋಗುತ್ತೆ, ನೀರು ಸುರಿಯುತ್ತೆ, ಬೆಳಕಿಗೆ ಮುಚ್ಚಿಕೊಳ್ಳುತ್ತೆ. ನಾವು ಎಷ್ಟು ಚೆಂದ ಕಣ್ಣು ಅಂತ ದೃಷ್ಟಿ ತೆಗೀತೀವಿ. ಅದಕ್ಕೆ ಬೇಕಾಗಿರೋದು ಬೇಗ ಶಸ್ತ್ರಚಿಕಿತ್ಸೆ. ನಮ್ಮ ಕಡೆ ಇನ್ನೂ ನಡೆಯುವ ಸೋದರಮಾವನ ಜೊತೆಗಿನ ಮದುವೆಗಳಲ್ಲಿ ಈ ಅಪಾಯ ಹೆಚ್ಚು.

ಮೋದಿಯವರ ಶಿಬಿರ ಪೊರೆಗೆ ಹೇಳಿಮಾಡಿಸಿದ್ದು. ಒಮ್ಮೆ ಬಂದು, ಕೊಯ್ದು, ಚಷ್ಮಾ ಕೊಟ್ಟರೆ ಮುಗೀತು. ಗ್ಲಾಕೋಮಾಕ್ಕೆ ಬಂದುಹೋಗುವ ಡಾಕ್ಟ್ರು ಸಾಲದು, ಇರುವ ಡಾಕ್ಟ್ರು ಬೇಕು. ಇದು ಅವರ ಕೊರತೆ ಅಲ್ಲ. ಒಬ್ಬ ವ್ಯಕ್ತಿ ಒಂದು ಜೀವಮಾನದಲ್ಲಿ ಮಾಡಬಹುದಾದ್ದಕ್ಕಿಂತ ಹೆಚ್ಚೇ ಮಾಡಿದರು. ಕೊರತೆ ನಮ್ಮ ರಾಜಕಾರಣದ್ದು. 1976ರಲ್ಲೇ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಆದರೆ ದಶಕಗಟ್ಟಲೆ ಯಶಸ್ಸು ಅಂದರೆ ಪೊರೆ ಆಪರೇಷನ್‌ಗಳ ಸಂಖ್ಯೆ. ಶಿಬಿರಕ್ಕೆ ಬ್ಯಾನರ್ ಇದೆ, ಹುಟ್ಟುಹಬ್ಬದ ಫೋಟೊ ಇದೆ. ತಿಂಗಳು ತಿಂಗಳು ಕೊಡುವ ಹನಿ ಬಾಟಲಿಗೆ ಯಾವ ಬ್ಯಾನರ್ ಕಟ್ಟೋದು? ದೇಶದಲ್ಲಿ ನಲವತ್ತು ದಾಟಿದ ಅಂದಾಜು 1.12 ಕೋಟಿ ಜನಕ್ಕೆ ಗ್ಲಾಕೋಮಾ ಇದೆ. ಬಹುಪಾಲು ಮಂದಿಗೆ ಅದು ಗೊತ್ತೇ ಇಲ್ಲ.

ಕಮಲಾಪುರ ಈಗ ತಾಲ್ಲೂಕು. 371(ಜೆ) ಬಗ್ಗೆ ನಾವು ಭಾಷಣ ಕೇಳುತ್ತಲೇ ಇರ್ತೀವಿ. ಹಾಗಾದರೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಒತ್ತಡ ಅಳೆಯುವ ಯಂತ್ರ, ನರ ನೋಡಬಲ್ಲ ಡಾಕ್ಟ್ರು, ಉಚಿತ ಹನಿ ಇರಬೇಕು ಅಂತ ನಾವು ಕೇಳಬೇಕು. ಮುಂದಿನ ಸಲ ಓಟು ಕೇಳೋಕೆ ಬಂದವರ ಮುಂದೆ ಇದನ್ನು ಇಡಿ.

ಈ ಕಾಯಿಲೆ ರಕ್ತಸಂಬಂಧದಲ್ಲಿ ಬರೋದು ಜಾಸ್ತಿ ಅಂತ ತಿಳಿದ ಮೇಲೆ ಅಪ್ಪನನ್ನು ತೋರಿಸಿದೆವು. ಅವನಿಗೂ ಇತ್ತು, ಆದರೆ ಶುರುವಿನಲ್ಲೇ ಸಿಕ್ತು. ಈಗ ರಾತ್ರಿ ಊಟ ಆದ ಮೇಲೆ ನಾನು ಫೋನ್ ಮಾಡ್ತೀನಿ, ಅಪ್ಪ ಒಂದೊಂದು ಕಣ್ಣಿಗೆ ಒಂದೊಂದು ಹನಿ ಹಾಕ್ಕೋತಾನೆ. ನನಗೂ ವರ್ಷಕ್ಕೊಮ್ಮೆ ತಪಾಸಣೆ ಇದೆ.