ಡಾ. ಬಾರ್ಬರಾ ಮೆಕ್ಲಿಂಟಾಕ್ (1902–1992)

ಮುಸುಕಿನ ಜೋಳದ ಅಧ್ಯಯನದಿಂದ ವರ್ಣತಂತುಗಳ ಸ್ಥಿರತೆಯ ಅರಿವಿಗೆ ಬುನಾದಿ ಹಾಕಿದ ಡಾ. ಬಾರ್ಬರಾ ಮೆಕ್ಲಿಂಟಾಕ್ ಅವರು 1902ರ ಜೂನ್ 16ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದರು. 1927ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಮುರಿದ ವರ್ಣತಂತುಗಳ ತುದಿಗಳು ಪರಸ್ಪರ ಬೆಸೆದುಕೊಂಡು, ಕೋಶ ವಿಭಜನೆಯ ವೇಳೆ ಮತ್ತೆ ತುಂಡಾಗುತ್ತವೆ. ಆದರೆ ಭ್ರೂಣದಲ್ಲಿ ಅಂತಹ ತುದಿಗಳು ಮಾಗಿ ಸ್ಥಿರಗೊಳ್ಳುತ್ತವೆ ಎಂಬುದನ್ನು 1941ರ ವೇಳೆಗೆ ಅವರು ತೋರಿಸಿಕೊಟ್ಟರು. ಡಿ.ಎನ್.ಎ. ನಕಲಾಗುವಾಗ ಈ ತುದಿಗಳು ಸವೆಯದಂತೆ ಕಾಯುವ ಟೆಲೊಮರೇಸ್ ಎಂಬ ಕಿಣ್ವವು 1984ರಲ್ಲಿ ಪತ್ತೆಯಾದ ನಂತರ ಇದರ ಮರ್ಮವು ತಿಳಿಯತೊಡಗಿತು.

ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳಿಗೆ, ಸ್ಥಾನ ಬದಲಿಸುವ ಆನುವಂಶಿಕ ಘಟಕಗಳೇ ಕಾರಣವೆಂದು 1951ರಲ್ಲಿ ಅವರು ವಿದ್ವತ್ ಸಭೆಯಲ್ಲಿ ಮಂಡಿಸಿದಾಗ ತಕ್ಕ ಮನ್ನಣೆ ದೊರೆಯಲಿಲ್ಲ. 1953ರ ನಂತರ ಈ ಫಲಿತಾಂಶಗಳ ಪ್ರಕಟಣೆಯನ್ನು ಬಹುಮಟ್ಟಿಗೆ ನಿಲ್ಲಿಸಿದರೂ ಸಂಶೋಧನೆಯನ್ನು ಕೈಬಿಡಲಿಲ್ಲ. ಮುಂದೆ ಬ್ಯಾಕ್ಟೀರಿಯಾಗಳಲ್ಲಿಯೂ ಇಂತಹ ಘಟಕಗಳು ಕಂಡುಬಂದಾಗ ಅವರ ನಿಲುವು ದೃಢಪಟ್ಟಿತು. 1983ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಅವರೊಬ್ಬರೇ ಭಾಜನರಾದರು.

ಡಾ. ಮೆಕ್ಲಿಂಟಾಕ್ ಅವರು 1992ರ ಸೆಪ್ಟೆಂಬರ್ 2ರಂದು ನಿಧನರಾದರು. ಬೆಳೆಯ ಹೊಲದಲ್ಲಿ ಅವರು ಕಂಡ ಸತ್ಯವು ಇಂದು ಸಸ್ಯ ತಳಿವಿಜ್ಞಾನಕ್ಕೂ ಕ್ಯಾನ್ಸರ್ ಸಂಶೋಧನೆಗೂ ಆಧಾರವಾಗಿದೆ.