ಮಗುವಿನ ಕೈಹಿಡಿದು ಕಡಲಿಗೆ ನಡೆದ ರೇಚಲ್ ಕಾರ್ಸನ್

ಕೀಟನಾಶಕಗಳ ಅಪಾಯವನ್ನು ಜಗತ್ತಿಗೆ ಮನಗಾಣಿಸಿದ ವಿಜ್ಞಾನಿ ಎಂದೇ ಅಮೆರಿಕದ ರೇಚಲ್ ಕಾರ್ಸನ್ ಪ್ರಸಿದ್ಧರು. 1962ರಲ್ಲಿ ಪ್ರಕಟವಾದ ಅವರ 'ಸೈಲೆಂಟ್ ಸ್ಪ್ರಿಂಗ್' ಕೃತಿ ಪರಿಸರ ಚಳವಳಿಯ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಅದಕ್ಕೂ ಆರು ವರ್ಷ ಮೊದಲು ಅವರು ಪುಟ್ಟ ಮಕ್ಕಳಿಗೆ ನಿಸರ್ಗವನ್ನು ಪರಿಚಯಿಸುವ ಬಗೆಯನ್ನು ಕುರಿತು ಒಂದು ಲೇಖನ ಬರೆದಿದ್ದರು. ನಮ್ಮಲ್ಲಿ ಅದನ್ನು ಬಲ್ಲವರು ಕಡಿಮೆ. ಅಕ್ಕನ ಮೊಮ್ಮಗ ರೋಜರ್‌ನೊಡನೆ ಕಡಲ ದಂಡೆಯಲ್ಲಿ, ಕಾಡಿನಲ್ಲಿ ಕಳೆದ ದಿನಗಳೇ ಆ ಲೇಖನಕ್ಕೆ ಆಧಾರ.

ರೇಚಲ್ ಜನಿಸಿದ್ದು 1907ರ ಮೇ 27ರಂದು, ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ. ಮೂವರು ಮಕ್ಕಳಲ್ಲಿ ಅವರೇ ಕಿರಿಯರು. ತಾಯಿ ಮರಿಯಾ ಮದುವೆಗೆ ಮುನ್ನ ಶಾಲಾ ಶಿಕ್ಷಕಿಯಾಗಿದ್ದವರು. ಮಕ್ಕಳನ್ನು ತರಗತಿಯ ಹೊರಗೆ ಕರೆದೊಯ್ದು ಗಿಡ, ಹಕ್ಕಿ, ಕೀಟಗಳನ್ನು ಕಣ್ಣಾರೆ ತೋರಿಸಬೇಕೆಂಬ ನಿಸರ್ಗಾಧ್ಯಯನ ಚಳವಳಿ ಆಗ ಅಮೆರಿಕದಲ್ಲಿ ಹಬ್ಬಿತ್ತು. ಅದನ್ನು ಮೆಚ್ಚಿದ್ದ ತಾಯಿ, ಮನೆಯ ಸುತ್ತಲಿನ ಸುಮಾರು 65 ಎಕರೆ ಹೊಲ, ತೋಪುಗಳಲ್ಲಿ ಮಗಳೊಡನೆ ಅಲೆದಾಡಿದರು. ಮಗಳ ಮೊದಲ ಪಾಠಶಾಲೆ ಅದೇ. ಬರೆಯುವ ಹಂಬಲವೂ ಅಲ್ಲಿಯೇ ಮೊಳೆಯಿತು. 1918ರಲ್ಲಿ, 11ನೆಯ ವಯಸ್ಸಿನಲ್ಲಿ, ಮಕ್ಕಳ ಮಾಸಿಕ 'ಸೇಂಟ್ ನಿಕೋಲಾಸ್'ನಲ್ಲಿ ಅವರ ಕಥೆ ಅಚ್ಚಾಯಿತು.

ಸಾಹಿತ್ಯ ಓದಲೆಂದು ಕಾಲೇಜು ಸೇರಿದ ರೇಚಲ್ ಜೀವಶಾಸ್ತ್ರಕ್ಕೆ ಒಲಿದರು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1935ರಲ್ಲಿ ತಂದೆ ತೀರಿಕೊಂಡರು. 1937ರಲ್ಲಿ ಅಕ್ಕ ಮರಿಯನ್ ಇಬ್ಬರು ಹೆಣ್ಣುಮಕ್ಕಳನ್ನು ಅಗಲಿ ನಿಧನರಾದರು. ಅವಿವಾಹಿತೆಯಾದ ರೇಚಲ್ ಅವರ ಹೆಗಲಿಗೆ ತಾಯಿಯ ಜೊತೆಗೆ ಆ ಹುಡುಗಿಯರ ಹೊಣೆಯೂ ಬಿತ್ತು. 1936ರಲ್ಲಿ ಸರ್ಕಾರದ ಮೀನುಗಾರಿಕಾ ಇಲಾಖೆಯಲ್ಲಿ ದೊರೆತಿದ್ದ ಕೆಲಸವೇ ಸಂಸಾರಕ್ಕೆ ಆಸರೆಯಾಯಿತು. ಹಗಲು ಕಚೇರಿ, ರಾತ್ರಿ ಬರವಣಿಗೆ ಎಂಬಂತೆ ವರ್ಷಗಳು ಉರುಳಿದವು. 1951ರಲ್ಲಿ ಹೊರಬಂದ 'ದಿ ಸೀ ಅರೌಂಡ್ ಅಸ್' ಅಪಾರ ಜನಪ್ರಿಯತೆ ಗಳಿಸಿ, ಮರುವರ್ಷ ನ್ಯಾಷನಲ್ ಬುಕ್ ಅವಾರ್ಡ್‌ಗೆ ಪಾತ್ರವಾಯಿತು. ಆ ಪುಸ್ತಕದ ಗಳಿಕೆ ಅವರನ್ನು ನೌಕರಿಯಿಂದ ಬಿಡಿಸಿತು. 1953ರಲ್ಲಿ ಮೇನ್ ರಾಜ್ಯದ ಸೌತ್‌ಪೋರ್ಟ್ ದ್ವೀಪದಲ್ಲಿ, ಕಡಲಿಗೆ ಮುಖಮಾಡಿದ ಬಂಡೆಗಳ ಮೇಲೆ, ಒಂದು ಪುಟ್ಟ ಮನೆ ಕಟ್ಟಿಸಿದರು.

ಅಕ್ಕನ ಮಗಳು ಮಾರ್ಜರಿಯ ಮಗನೇ ರೋಜರ್. ಅವನಿಗಿನ್ನೂ 20 ತಿಂಗಳು. ಶರತ್ಕಾಲದ ಒಂದು ರಾತ್ರಿ ಬಿರುಗಾಳಿ ಬೀಸುತ್ತಿರುವಾಗ ರೇಚಲ್ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಮಳೆಗತ್ತಲಿನಲ್ಲಿ ಕಡಲ ದಂಡೆಗೆ ಕರೆದೊಯ್ದರು. ಅಲೆಗಳು ಅಬ್ಬರಿಸಿ ನೊರೆ ಎರಚುತ್ತಿದ್ದವು. ಅದನ್ನು ಕಂಡು ಇಬ್ಬರೂ ನಕ್ಕರು. ಸಾಗರದ ಬಗ್ಗೆ ಜಗತ್ತಿಗೇ ಪಾಠ ಹೇಳಿದ್ದ ವಿಜ್ಞಾನಿಗೂ, ಮೊದಲ ಬಾರಿಗೆ ಅದನ್ನು ಕಾಣುತ್ತಿದ್ದ ಕೂಸಿಗೂ ಆ ಕ್ಷಣ ಒದಗಿದ ಪುಳಕ ಒಂದೇ ಆಗಿತ್ತು. ಒಂದೆರಡು ದಿನ ಕಳೆದು ಗಾಳಿ ಅಡಗಿದ ಮೇಲೆ ಮತ್ತೆ ರಾತ್ರಿಯೇ ದಂಡೆಗೆ ಹೋಗಿ, ಟಾರ್ಚ್ ಬೆಳಕಿನಲ್ಲಿ ಮರಳಬಣ್ಣದ ಏಡಿಗಳನ್ನು ಅರಸಿದರು.

ಹುಡುಗ ಬೆಳೆದಂತೆ ಈ ತಿರುಗಾಟ ಮುಂದುವರಿಯಿತು. ಮಳೆ ಬಂದರೆ ಮನೆಯೊಳಗೆ ಕೂರಿಸುವುದು ರೂಢಿ. ರೇಚಲ್ ಮಳೆಯಲ್ಲೇ ಅವನನ್ನು ಕಾಡಿಗೆ ಕರೆದೊಯ್ಯುತ್ತಿದ್ದರು. ಒಣಹವೆಯಲ್ಲಿ ಮುಟ್ಟಿದರೆ ಪುಡಿಯಾಗುವ ಕಲ್ಲುಹೂವು ಮಳೆನೀರು ಹೀರಿಕೊಂಡು ಮೆತ್ತಗಾಗುತ್ತದೆ. ಹುಡುಗ ಮೊಣಕಾಲೂರಿ ಅದನ್ನು ಒತ್ತಿ ನೋಡಿ ಹಿಗ್ಗುತ್ತಿದ್ದ. ಬೆರಳುದ್ದದ ಸ್ಪ್ರೂಸ್ ಸಸಿಗಳನ್ನು ಕಂಡರೆ ಅವು ಅಳಿಲುಗಳ ಕ್ರಿಸ್‌ಮಸ್ ಮರಗಳಿರಬಹುದೆಂದು ಇಬ್ಬರೂ ಆಟ ಕಟ್ಟುತ್ತಿದ್ದರು. ಹೆಸರುಗಳನ್ನು ಬಾಯಿಪಾಠ ಮಾಡಿಸುವ ಗೋಜಿಗೆ ರೇಚಲ್ ಹೋಗಲಿಲ್ಲ. ತಮಗೆ ಕಂಡದ್ದನ್ನು ಸಂಭ್ರಮದಿಂದ ಹೆಸರು ಹೇಳಿ ತೋರಿಸಿದ್ದಷ್ಟೇ. ಆದರೂ ಹುಡುಗನ ನೆನಪಿನಲ್ಲಿ ಆ ಹೆಸರುಗಳು ತಾವಾಗಿ ಉಳಿದವು.

ಈ ಅನುಭವಗಳೇ 1956ರ ಜುಲೈ ತಿಂಗಳ 'ವುಮನ್ಸ್ ಹೋಮ್ ಕಂಪ್ಯಾನಿಯನ್' ಪತ್ರಿಕೆಯಲ್ಲಿ ಲೇಖನರೂಪ ತಾಳಿದವು. ಮಗುವಿನ ಸಹಜ ವಿಸ್ಮಯ ಬತ್ತದಂತೆ ಕಾಪಾಡಲು ಅದರ ಜೊತೆಯಲ್ಲಿ ನಿಂತು ತಾನೂ ಬೆರಗಾಗಬಲ್ಲ ಹಿರಿಯರೊಬ್ಬರು ಬೇಕು. ಎಳವೆಯಲ್ಲಿ ತಿಳಿಯುವುದಕ್ಕಿಂತ ಅನುಭವಿಸುವುದು ಮುಖ್ಯ. ಭಾವನೆ ಮೊದಲು ಮೂಡಿದರೆ ಅರಿವಿನ ಹಸಿವು ತಾನಾಗಿ ಹುಟ್ಟುತ್ತದೆ ಎಂಬುದು ಅದರ ಸಾರ. ಒಂದು ಹಕ್ಕಿಯ ಹೆಸರೂ ತಮಗೆ ಗೊತ್ತಿಲ್ಲವೆಂದು ಹಿಂಜರಿಯುವ ತಂದೆತಾಯಿಯರಿಗೆ ಅವರು ಧೈರ್ಯ ತುಂಬಿದರು. ಹಬ್ಬದ ಖರ್ಚೂ ಇದಕ್ಕೆ ಬೇಕಿರಲಿಲ್ಲ: ಮರಳಿನ ಕಣವನ್ನೋ ಪಾಚಿಯನ್ನೋ ಹಿಗ್ಗಿಸಿ ತೋರುವ ಒಂದು ಭೂತಗನ್ನಡಿ, ಶರತ್ಕಾಲ ಮುಗಿಯುವವರೆಗೂ ಮಿಡಿಯುವ ಕೀಟಗಳ ಹಿಮ್ಮೇಳದಲ್ಲಿ ಯಾವ ಪೊದೆಯಿಂದ ಯಾವ ದನಿ ಬರುತ್ತಿದೆಯೆಂದು ಹುಡುಕಲು ಒಂದು ಟಾರ್ಚ್, ದಕ್ಷಿಣಕ್ಕೆ ವಲಸೆ ಹೊರಟ ಹಕ್ಕಿಗಳ ಕೂಗನ್ನು ರಾತ್ರಿಯ ಆಗಸದಲ್ಲಿ ಆಲಿಸುವ ತಾಳ್ಮೆ. ಕಾಡು, ಕಡಲು ಇಲ್ಲದ ನಗರವಾಸಿಗಳನ್ನೂ ಅವರು ಮರೆಯಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿಟ್ಟ ಕುಂಡದಲ್ಲಿ ಬೀಜವೊಂದು ಮೊಳೆಯುವುದೂ ಅವರ ಕಣ್ಣಿಗೆ ಬೆರಗಿನ ಸಂಗತಿಯೇ.

ಲೇಖನವನ್ನು ಬೆಳೆಸಿ ಪುಸ್ತಕವಾಗಿಸುವ ಆಸೆ ರೇಚಲ್ ಅವರಿಗಿತ್ತು. ಬದುಕು ಬೇರೆ ದಾರಿ ಹಿಡಿಯಿತು. 1957ರ ಆರಂಭದಲ್ಲಿ ಮಾರ್ಜರಿ ತೀರಿಕೊಂಡಾಗ ರೋಜರ್‌ಗೆ ಐದು ವರ್ಷವೂ ತುಂಬಿರಲಿಲ್ಲ. 49ನೆಯ ವಯಸ್ಸಿನಲ್ಲಿ ರೇಚಲ್ ಅವನನ್ನು ದತ್ತು ಪಡೆದು ತಾಯಿಯಾದರು. ಮರುವರ್ಷ ಅವರ ಸ್ವಂತ ತಾಯಿಯೂ ಇಲ್ಲವಾದರು. ಅದೇ ಹೊತ್ತಿಗೆ ವಿಮಾನಗಳಿಂದ ಸುರಿಯುತ್ತಿದ್ದ ಡಿಡಿಟಿ ಹಕ್ಕಿಗಳನ್ನು ಕೊಲ್ಲುತ್ತಿರುವ ಸುದ್ದಿಗಳು ಅವರನ್ನು ಕಾಡತೊಡಗಿದ್ದವು. ಮಗುವಿಗೆ ತೋರಿಸಬೇಕಾದ ಹಕ್ಕಿಯೇ ಉಳಿಯದಿದ್ದರೆ ಬೆರಗಿಗೆ ಎಡೆಯೆಲ್ಲಿ? ಮಕ್ಕಳ ಪುಸ್ತಕವನ್ನು ಬದಿಗಿಟ್ಟು ಅವರು ವಿಷದ ಪುಸ್ತಕವನ್ನು ಕೈಗೆತ್ತಿಕೊಂಡರು. ನಾಲ್ಕು ವರ್ಷಗಳ ದುಡಿಮೆಯ ನಡುವೆ, 1960ರಲ್ಲಿ, ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆಯನ್ನು ಮುಚ್ಚಿಟ್ಟುಕೊಂಡೇ ಅವರು 'ಸೈಲೆಂಟ್ ಸ್ಪ್ರಿಂಗ್' ಮುಗಿಸಿದರು. ರಾಸಾಯನಿಕ ಉದ್ಯಮದ ಟೀಕಾಪ್ರಹಾರವನ್ನು ಎದುರಿಸಿದರು. 1963ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಮೇನ್‌ನಲ್ಲಿ ಕಳೆದ ಅವರ ಕೊನೆಯ ಋತುವಿನಲ್ಲಿ, ರೇಚಲ್ ಗೆಳತಿ ಡೊರೊತಿ ಫ್ರೀಮನ್ ಅವರೊಡನೆ ದ್ವೀಪದ ತುದಿಯಲ್ಲಿರುವ ನ್ಯೂವಾಗನ್‌ನಲ್ಲಿ ಒಂದು ಮುಂಜಾನೆ ಕಳೆದರು. ಮೊನಾರ್ಕ್ ಚಿಟ್ಟೆಗಳು ಒಂದರ ಹಿಂದೊಂದು ವಲಸೆ ಹೊರಟಿದ್ದವು. ಅವುಗಳಲ್ಲಿ ಹೆಚ್ಚಿನವು ಮರಳಿ ಬರುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ನೋಟ ದುಃಖ ತರಲಿಲ್ಲವೆಂದು ಅಂದೇ ಗೆಳತಿಗೆ ಪತ್ರ ಬರೆದ ರೇಚಲ್, ಜೀವಚಕ್ರ ಸಹಜವಾಗಿ ಮುಗಿಯುವುದನ್ನು ಶಾಂತವಾಗಿ ಒಪ್ಪಿಕೊಂಡಿದ್ದರು. 1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಹನ್ನೆರಡರ ರೋಜರ್‌ನನ್ನು ಅವರ ಸಂಪಾದಕ ಪಾಲ್ ಬ್ರೂಕ್ಸ್ ದಂಪತಿ ಸಲಹಿದರು.

ಅಮೆರಿಕ 1972ರಲ್ಲಿ ಡಿಡಿಟಿ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. 1980ರಲ್ಲಿ ರೇಚಲ್ ಅವರಿಗೆ ಮರಣೋತ್ತರವಾಗಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಸಂದಿತು. ಬೆಳೆಸಲಾಗದೆ ಉಳಿದ ಮಕ್ಕಳ ಲೇಖನವೂ ಅವರು ಬರೆದಿಟ್ಟಿದ್ದಂತೆಯೇ, ಛಾಯಾಚಿತ್ರಗಳೊಡನೆ, 1965ರಲ್ಲಿ 'ದಿ ಸೆನ್ಸ್ ಆಫ್ ವಂಡರ್' ಎಂಬ ಪುಸ್ತಕವಾಯಿತು. ಒಂದೇ ಕುಳಿತಕ್ಕೆ ಓದಿ ಮುಗಿಸಬಹುದಾದಷ್ಟು ಚಿಕ್ಕ ಪುಸ್ತಕ ಅದು. ಅದರಲ್ಲಿ ಹೇಳಿದ್ದನ್ನು ಮಾಡಿ ನೋಡಲು ಒಂದು ಮಗು, ಒಂದು ಸಂಜೆ ಮತ್ತು ಬಿಡುವಿರುವ ಹಿರಿಯರೊಬ್ಬರು ಸಾಕು.